ಓ ಅನ್ನುವ ತನಕ

ಕರೋಶಿಯಲ್ಲಿ ಬಾಪುಸಾಹೇಬರ ಕಬ್ಬಿನ ಹೊಲಕ್ಕೆ ಬೆಂಕಿ ಹಚ್ಚಿದಾಗ ಕಟಾವಿನ ಆಳು ರಾಜಾರಾಮ ಒಳಗಿದ್ದ. ಸುಟ್ಟು ಸತ್ತ.

ಪೊಲೀಸರು ಆಕಸ್ಮಿಕ ಎಂದರು. ಬಾಪುಸಾಹೇಬರು ಹೆಣಕ್ಕೆ ಹೊದಿಸಲು ಹೊಸ ಬಿಳಿ ಬಟ್ಟೆ ಕೊಡಿಸಿದರು. ಅಳು ತುಸು ತಣ್ಣಗಾದ ಮೇಲೆ ಒಂದು ಮುಂಜಾನೆ ತಾವೇ ಜೀಪಿನಲ್ಲಿ ಬಂದು, ದಲಿತ ಬೌದ್ಧರ ಓಣಿಯ ಬಾಯಲ್ಲಿ ನಿಂತು, ಒಳಗೆ ಕಾಲಿಡದೆ ರಾಜಾರಾಮನ ಹೆಂಡತಿ ಜನಾಬಾಯಿಯನ್ನು ಅಲ್ಲಿಗೇ ಕರೆಸಿಕೊಂಡರು. ಹೋದವನು ಬರುವುದಿಲ್ಲ, ನಿನ್ನ ಮಗಳು ಸಾರಿಕಾ ಕಂಪ್ಯೂಟರ್ ಕಲಿತಿದ್ದಾಳಂತೆ, ನಮ್ಮ ವಿಶಾಲ ಚಿಕ್ಕೋಡಿಯಲ್ಲಿ ಗೇಮ್ ತಯಾರಿಸುವ ಕಂಪನಿ ತೆಗೆದಿದ್ದಾನೆ, ಸೋಮವಾರದಿಂದ ಅಲ್ಲಿಗೆ ಕಳಿಸು ಎಂದರು.

"ಮನಿಗೊಂದು ನೌಕರಿ ಆತಲ್ಲವಾ. ಇನ್ನ ಅಳಬ್ಯಾಡ," ಎಂದು ಜೀಪು ಹತ್ತಿದರು.

ಅಷ್ಟು ದೊಡ್ಡ ಮನುಷ್ಯ ಓಣಿಯ ತನಕ ಬಂದನಲ್ಲ ಎಂದು ಊರು ಬಹಳ ದಿನ ಹೊಗಳಿತು. ಸತ್ತವನ ಬಗ್ಗೆ ಅಷ್ಟು ಮಾತಾಡಲಿಲ್ಲ.

ಈ ಕಡೆ ಕಬ್ಬಿಗೆ ಬೆಂಕಿ ಕೊಡುವುದಕ್ಕೆ ಒಂದು ರೀತಿ ಇದೆ. ಕಟಾವಿನ ಗುಂಪು ಅಂಚಿನಿಂದ ಕಡಿಯುತ್ತ ಬಂದಂತೆ ಹೊಲದೊಳಗಿನ ಹಂದಿ, ಮೊಲ, ಹಾವು ಎಲ್ಲವೂ ನಡುವೆ ಉಳಿದ ಪಟ್ಟಿಗೆ ಸೇರುತ್ತವೆ. ಆ ಕೊನೆಯ ಪಟ್ಟಿಗೆ ಬೆಂಕಿ ಕೊಡುವ ಮುಂಚೆ ಗುಂಪಿನ ಮುಕಾದಮ, ಅಂದರೆ ಆಳುಗಳನ್ನು ಕೂಡಿಸಿ ತಂದವನು, ಬದುವಿನ ಮೇಲೆ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗಬೇಕು. ಕೂಗಿಸಿಕೊಂಡವರು ಹೊರಗೆ ಬಂದು ಬದುವಿನ ಮೇಲೆ ನಿಂತು 'ಓ' ಅನ್ನಬೇಕು. ಒಳಗಿನಿಂದ ಅಂದ ಓ ಲೆಕ್ಕಕ್ಕಿಲ್ಲ. ಕಡೆಯವನ ಓ ಬಂದ ಮೇಲೆಯೇ ಕಡ್ಡಿ ಗೀರುವುದು. ಇದನ್ನು ಯಾರೂ ಬರೆದಿಟ್ಟಿಲ್ಲ. ಕಟಾವಿನವರ ಮಕ್ಕಳು ಅ ಆ ಇ ಈ ಕಲಿಯುವ ಮುಂಚೆ ಇದನ್ನು ಕಲಿಯುತ್ತಾರೆ.

ಅವತ್ತು ಬಾಪುಸಾಹೇಬರ ಮಗ ವಿಶಾಲ ಗೆಳೆಯರನ್ನು ಕಟ್ಟಿಕೊಂಡು ನಾಯಿ, ಬಲೆ ಸಮೇತ ಹಂದಿ ಬೇಟೆಗೆ ಬಂದಿದ್ದ. ಪೊಲೀಸರಿಗೆ ಹೇಳಿದ ಕತೆಯಲ್ಲಿ ನಾಯಿಯೂ ಇರಲಿಲ್ಲ, ಬಲೆಯೂ ಇರಲಿಲ್ಲ. ಆ ಕತೆಯಲ್ಲಿ ಮುಕಾದಮ ಧರೆಪ್ಪ ಎಲ್ಲರ ಹೆಸರನ್ನೂ ಕೂಗಿದ್ದ, ರಾಜಾರಾಮ ಹೊರಗೆ ಬಂದು ಓ ಅಂದಿದ್ದ, ಆಮೇಲೆ ಕುಡಿದ ಅಮಲಿನಲ್ಲಿ ಮರೆತ ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ತರಲು ಮತ್ತೆ ಒಳಗೆ ಹೋಗಿದ್ದ. ಓಣಿಯಲ್ಲಿ ಬುದ್ಧ ವಿಹಾರ ಕಟ್ಟಿದಾಗಿನಿಂದ ರಾಜಾರಾಮ ಒಂದು ಹನಿ ಮುಟ್ಟಿದವನಲ್ಲ. ಆದರೆ ಸತ್ತವನಿಗೆ ಕುಡಿಸುವುದು ಸುಲಭ, ಬಾಯಿ ತೆರೆದು ಬೇಡ ಅನ್ನುವುದಿಲ್ಲ.

ಜನಾಬಾಯಿ ಆಗ ದಾರಿಯಲ್ಲಿ ಟ್ರೇಲರಿನ ಮೇಲೆ ನಿಂತು ಕಬ್ಬಿನ ಹೊರೆ ಒಟ್ಟುತ್ತಿದ್ದಳು. ನನಗೆ ಕೂಗು ಕೇಳಿಸಲಿಲ್ಲ ಎಂದು ಹೇಳಿದಳು. ಟ್ರ್ಯಾಕ್ಟರಿನ ಹಾಡಿನ ಗದ್ದಲದಲ್ಲಿ ಹೇಗೆ ಕೇಳಿಸೀತು ಎಂದು ಹವಾಲ್ದಾರ ಅವಳನ್ನೇ ಕೇಳಿದ. ಅಂದಿನಿಂದ ಜನಾಬಾಯಿ ಯಾರು ಹೆಸರು ಹಿಡಿದು ಕರೆದರೂ ಓ ಅನ್ನುವುದನ್ನು ಬಿಟ್ಟಳು. ತಿರುಗಿ ನೋಡುತ್ತಾಳೆ, ಎದ್ದು ಬರುತ್ತಾಳೆ. ಓ ಅನ್ನುವುದಿಲ್ಲ.

*

ಕಂಪನಿ ಇದ್ದದ್ದು ಚಿಕ್ಕೋಡಿಯ ಪೇಟೆಯಲ್ಲಿ, ಬಾಪುಸಾಹೇಬರದೇ ಗೊಬ್ಬರದ ಅಂಗಡಿಯ ಮೇಲಂತಸ್ತಿನಲ್ಲಿ. ಕೆಳಗೆ ಹಮಾಲರು ಯೂರಿಯಾ ಚೀಲ ಇಳಿಸುವ ಧಪಧಪ ಸಪ್ಪಳ, ಮೇಲೆ ಕಂಪ್ಯೂಟರುಗಳ ಸಣ್ಣ ಗುಂಯ್. ಔಷಧದ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. ವಿಶಾಲ ಪುಣೆಯಲ್ಲಿ ಓದಿ ಬಂದವನು. ಚಿತ್ರ ಬರೆಯುವುದಕ್ಕೆ ನಿಪ್ಪಾಣಿಯ ಅಮಿತ ಎಂಬ ಹುಡುಗನಿದ್ದ. ಗೇಮಿನ ಯುದ್ಧಗಳನ್ನು ಕಟ್ಟುವ ಕೆಲಸ ಸಾರಿಕಾಳ ಪಾಲಿಗೆ ಬಂತು.

ಗೇಮಿನ ಹೆಸರು 'ಗಡದ ಒಡೆಯ'. ಗಡ, ಅಂದರೆ ಕೋಟೆ, ಕಳೆದುಕೊಂಡ ಒಬ್ಬ ರಾಜಕುಮಾರ, ಅದನ್ನು ಹಿಡಿದು ಕೂತ ಮಾಂತ್ರಿಕ, ದಾರಿಯಲ್ಲಿ ಅವನು ಬಿಟ್ಟ ರಾಕ್ಷಸ ಮೃಗಗಳು. ಇಂಥ ಗೇಮು ಜಗತ್ತಿನಲ್ಲಿ ಸಾಕಷ್ಟಿವೆ, ಎಲ್ಲದರಲ್ಲೂ ಒಬ್ಬ ವೀರ ಒಂದು ಕತ್ತಿ ಹಿಡಿದು ಒಬ್ಬೊಬ್ಬರನ್ನೇ ಕಡಿಯುತ್ತ ಹೋಗುತ್ತಾನೆ ಎಂದು ವಿಶಾಲ ಮೊದಲ ದಿನವೇ ಹೇಳಿದ್ದ. ತನ್ನದು ಹಾಗಲ್ಲ. ತನ್ನ ಆಟಗಾರ ಹೊತ್ತನ್ನು ನಿಲ್ಲಿಸಿ, ಹದ್ದಿನ ಹಾಗೆ ಮೇಲಿನಿಂದ ರಣವನ್ನು ನೋಡಿ, ಬಿಲ್ಲಿನವರು ಈ ದಿಬ್ಬಕ್ಕೆ, ಕುದುರೆಯವರು ಆ ಹಳ್ಳಕ್ಕೆ, ಕಾಲಾಳು ಎಲ್ಲರಿಗಿಂತ ಮುಂದೆ ಎಂದು ಜಾಗ ತೋರಿಸಬೇಕು. ಆಮೇಲೆ ಹೊತ್ತನ್ನು ಬಿಟ್ಟು ಕೂತು ನೋಡಬೇಕು.

"ಕತ್ತಿ ಹಿಡಿಯಾಂವ ಆಳು. ಬೆರಳ ತೋರಸಾಂವ ಒಡೆಯ," ಎಂದಿದ್ದ. "ಆಡೂ ಮಂದಿಗೆ ತಾ ಒಡೆಯ ಅನ್ನೂದು ಮೈಯಾಗ ಇಳೀಬೇಕು. ಅಷ್ಟ ನಮ್ಮ ಧಂದಾ."

ಸಾರಿಕಾ ಆ ಕೆಲಸವನ್ನು ದ್ವೇಷಿಸುತ್ತ ಮಾಡಿದಳು ಎಂದರೆ ಸುಳ್ಳಾಗುತ್ತದೆ. ಅವಳಿಗೆ ಅದು ಹಿಡಿಸಿತ್ತು. ಮೊದಲು ಅವಳ ಸೈನಿಕರು ಬೆರಳು ತೋರಿಸಿದ ಕಡೆಗೆ ಒಂದೇ ಸಲ ಗೊಂಬೆಗಳ ಹಾಗೆ ತಿರುಗುತ್ತಿದ್ದರು. ಅವಳು ಅವರಿಗೆ ಕಿವಿ ಕೊಟ್ಟಳು. ಆಜ್ಞೆ ಈಗ ಧ್ವಜ ಹಿಡಿದವನ ಬಾಯಿಂದ ಹೊರಟು ಸಾಲಿನಿಂದ ಸಾಲಿಗೆ ಹೋಗಬೇಕು. ದೂರದವನಿಗೆ ತಡವಾಗಿ ಕೇಳಿಸುತ್ತದೆ, ಗದ್ದಲದಲ್ಲಿರುವವನಿಗೆ ಕೇಳಿಸುವುದೇ ಇಲ್ಲ. ಪಕ್ಕದವನು ಬಿದ್ದರೆ ಇವನ ಹೆಜ್ಜೆ ಹಿಂದಾಗುತ್ತದೆ. ಒಡೆಯನಾದವನು ಇದನ್ನೆಲ್ಲ ಮೊದಲೇ ಅಂದಾಜು ಮಾಡಿ ಜಾಗ ತೋರಿಸಬೇಕು, ಇಲ್ಲವಾದರೆ ಸೋಲುತ್ತಾನೆ. ಮೂರು ಯುದ್ಧಗಳನ್ನು ಅವಳು ಹೀಗೆ ಕಟ್ಟಿದಳು. ವಿಶಾಲ ಆಡಿ ನೋಡಿ, ಭಾರಿ ಆತು ಎಂದು ಕುರ್ಚಿಯಿಂದ ಎದ್ದುಬಿಟ್ಟಿದ್ದ. ಆ ದಿನ ಅವಳು ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಯ ಪಕ್ಕ ಕೂತು ನಕ್ಕಿದ್ದಳು. ಅಪ್ಪ ಇದ್ದಿದ್ದರೆ ಹೇಳಬಹುದಾಗಿತ್ತು ಎಂದುಕೊಂಡಿದ್ದಳು.

ನಾಲ್ಕನೆಯ ಯುದ್ಧ ಜೊಂಡಿನ ಕಾಡಿನದು. ಆಳೆತ್ತರ ಜೊಂಡು, ಅದರೊಳಗೆ ಮಾಂತ್ರಿಕ ಬಿಟ್ಟ ರಾಕ್ಷಸ ಹಂದಿಗಳು. ಕಾಲಾಳುಗಳು ಒಳಗೆ ನುಗ್ಗಿ ಅವನ್ನು ಎಬ್ಬಿಸಬೇಕು. ಮೂರು ಕಡೆಯಿಂದ ಬೆಂಕಿ, ನಾಲ್ಕನೆಯ ಕಡೆ ಬಲೆ. ವಿಶಾಲ ಅವಳ ಕುರ್ಚಿಯ ಹಿಂದೆ ನಿಂತು ಪರದೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಜೊಂಡಿನ ನಟ್ಟನಡುವೆ ಒಬ್ಬ ಕುಂಟ ಸೈನಿಕ ಇರಲಿ, ಎಡಗಾಲು ಎಳೆಯುವವನು ಎಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಒಂದೇ ಥರ ಓಡಿದರೆ ನೋಡಲು ಚೆಂದವಲ್ಲ ಎಂದು ಅಮಿತ ತಾನೇ ಅರ್ಥ ಮಾಡಿಕೊಂಡ.

ಅಮಿತನಿಗೆ ಕುಂಟುವವನನ್ನು ಬರೆಯಲು ಬರಲಿಲ್ಲ. ಅವನ ಸೈನಿಕ ಕುಣಿಯುವವನ ಹಾಗೆ ಕಾಣುತ್ತಿದ್ದ. ಸಾರಿಕಾ ಎದ್ದಳು. ಎಡ ಸೊಂಟವನ್ನು ಮೊದಲು ಎತ್ತಿ, ಪಾದವನ್ನು ಹೊರಗೆ ಸುತ್ತಿಸಿ ತಂದು ಇಟ್ಟು, ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಅಮಿತ ನಗುತ್ತ ಮೊಬೈಲಿನಲ್ಲಿ ತೆಗೆದುಕೊಂಡ. ಎಲ್ಲಿ ಕಲಿತಿ ಎಂದು ಕೇಳಿದ. ನಮ್ಮ ಬಾಬಾ ಹಿಂಗ ನಡೀತಿದ್ದ ಎಂದಳು. ಬಾಪುಸಾಹೇಬರ ಅಂಗಳದಲ್ಲಿ ಟ್ರೇಲರಿನ ಗಾಲಿ ರಾಜಾರಾಮನ ಪಾದ ಹತ್ತಿ ಇಳಿದು ಬಹಳ ವರ್ಷವಾಗಿತ್ತು. ಅವಳು ಆ ನಡಿಗೆಯ ಹಿಂದೆಯೇ ನಡೆದು ದೊಡ್ಡವಳಾದವಳು.

ಮರುದಿನ ಪರದೆಯ ಮೇಲೆ ಜೊಂಡಿನ ಅಂಚಿಗೆ ಒಬ್ಬ ಸಣ್ಣ ಸೈನಿಕ ಸೊಂಟ ಎತ್ತಿ ಪಾದ ಸುತ್ತಿಸುತ್ತ ನಡೆದು ಹೋದ. ಸಾರಿಕಾ ಕೆಲಸ ಬಿಟ್ಟು ಅವನನ್ನೇ ನೋಡುತ್ತ ಕೂತಳು. ಅವಳಿಗೆ ಖುಷಿಯಾಗಿತ್ತು.

*

ಬೆಂಕಿಯ ಆಜ್ಞೆ ಕಟ್ಟುವಾಗ ಅವಳು ಕೂಗನ್ನು ಸೇರಿಸಿದಳು. ವಿಚಾರ ಮಾಡಿ ಸೇರಿಸಿದ್ದಲ್ಲ, ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಹಾಗೆ ಅದು ತಾನಾಗಿ ಬಂತು. ಆಟಗಾರ ಹಚ್ಚು ಎಂದರೆ ಮೊದಲು ಧ್ವಜದವನು ಕೂಗುತ್ತಾನೆ. ಕಾಲಾಳುಗಳು ಒಬ್ಬೊಬ್ಬರೇ ಜೊಂಡಿನಿಂದ ಹೊರಗೆ ಬಂದು ಓಗೊಡುತ್ತಾರೆ. ಕುಂಟ ಎಲ್ಲರಿಗಿಂತ ಕಡೆಗೆ ಬರುತ್ತಾನೆ. ಅವನ ಓ ಆದ ಮೇಲೆ ಪಂಜು ಇಳಿಯುತ್ತದೆ.

ವಿಶಾಲ ಆಡಿದ. ಕೂಗು ಎದ್ದೊಡನೆ ಹಂದಿಗಳು ಚದುರಿ, ಬಲೆಯಿಲ್ಲದ ಕಡೆಗೆ ಒಡೆದುಕೊಂಡು ಹೋದವು. ಮತ್ತೆ ಆಡಿದ. ಮತ್ತೆ ಹೋದವು. ಮೌಸನ್ನು ಮೇಜಿಗೆ ಕುಕ್ಕಿದ.

"ಈ ಕೂಗಾಟ ಹಾಕಂತ ಯಾರ ಹೇಳಿದ್ರು ನಿನಗ?"

"ಬೆಂಕಿ ಹಚ್ಚೂ ಮೊದಲ ಕೂಗಬೇಕಲ್ರಿ ಸರ್. ಒಳಗ ಮಂದಿ ಇರ್ತಾರ."

"ಇರಬೇಕು. ಅದಕ್ಕ ಇಟ್ಟದ್ದು ಅವರನ್ನ." ಅವನು ಪರದೆಯ ಕಡೆಗೇ ನೋಡುತ್ತ ಹೇಳುತ್ತ ಹೋದ, ಪಾಠ ಮಾಡುವವನ ಹಾಗೆ. "ಕೂಗಿದಿ ಅಂದ್ರ ಹಂದಿ ಎಚ್ಚರಾಗ್ತಾವ. ಸುಮ್ಮನ ಹಚ್ಚಬೇಕು. ಒಳಗಿದ್ದಾಂವ ಬೆಂಕಿ ಕಂಡು ಒದರಿಕೋತ ಓಡ್ತಾನ. ಅಂವಾ ಓಡಿದ ಸಪ್ಪಳಕ್ಕ ಅಂಜಿ ಹಂದಿ ಸೀದಾ ಬಲೆಗೆ ಬಂದು ಬೀಳ್ತಾವ. ಕುಂಟ ಬೇಕು ಅಂದದ್ದು ಅದಕ್ಕ. ಗಟ್ಟಿ ಕಾಲಿನಾಂವ ಲಗೂನ ಹೊರಗ ಬಂದಬಿಡ್ತಾನ, ಸಪ್ಪಳ ನಿಂತಬಿಡತೈತಿ. ಕುಂಟ ಬಾಳೊತ್ತು ಒಳಗ ಇರ್ತಾನ."

ಅಮಿತ ಹೌದು ಹೌದು ಎಂದು ತಲೆಯಾಡಿಸಿದ. ಸಾರಿಕಾಳ ಕೈ ಕೀಲಿಗಳ ಮೇಲೆ ಇದ್ದಲ್ಲೇ ಉಳಿಯಿತು.

"ಯಾವಾಗ ನೋಡಿದ್ರಿ ಸರ್ ಇದನ್ನ?"

ಆಗ ಅವನು ಅವಳ ಕಡೆಗೆ ತಿರುಗಿದ. ತಾನು ಯಾರ ಮಗಳ ಮುಂದೆ ಇಷ್ಟು ಹೊತ್ತು ಮಾತಾಡಿದೆ ಎಂಬುದು ಅವನ ಮುಖಕ್ಕೆ ಬಂದು ಮುಟ್ಟುವುದನ್ನು ಅವಳು ಕಂಡಳು. ಆ ಮುಖದಲ್ಲಿ ನಾಚಿಕೆ ಬಂದೀತೆಂದು ಕಾದಳು. ಬರಲಿಲ್ಲ. ಅನ್ನದಲ್ಲಿ ಬಾಯಿಗೆ ಬಂದ ಹರಳನ್ನು ಉಗುಳುವಷ್ಟು ಸಿಡುಕು ಬಂದು ಹೋಯಿತು, ಅಷ್ಟೇ.

"ಯಾವಾಗರ. ಸಣ್ಣಾಂವಿದ್ದಾಗ," ಎಂದ. "ಗೇಮ್ ನೋಡಾಕ ಪುಣೆಯವರು ಬರೂದರಾಗ ಆ ಕೂಗು ತಗದಿರಬೇಕು. ನಿನಗ ಆಗಲಿಲ್ಲಂದ್ರ ಹೇಳು, ನಿಪ್ಪಾಣಿಯಾಗ ಹುಡುಗೂರು ಬೇಕಾದಷ್ಟ ಅದಾರ."

ಹೇಳಿ ಕೆಳಗೆ ಅಂಗಡಿಗೆ ಇಳಿದು ಹೋದ.

*

ಧರೆಪ್ಪ ಈಗ ಮುಕಾದಮನಲ್ಲ. ಆ ಸುಗ್ಗಿಯ ಮರುವರ್ಷವೇ ಅವನ ಮನೆಯ ಮುಂದೆ ಸ್ವಂತ ಟ್ರ್ಯಾಕ್ಟರ್ ಬಂದು ನಿಂತಿತ್ತು. ಗೊಬ್ಬರದ ಚೀಲ ಹೇರಲು ಅವನು ಅಂಗಡಿಗೆ ಬಂದ ಒಂದು ಮಧ್ಯಾಹ್ನ ಸಾರಿಕಾ ಮೆಟ್ಟಿಲಿಳಿದು ಹೋಗಿ ಟ್ರ್ಯಾಕ್ಟರಿನ ಮರೆಯಲ್ಲಿ ನಿಂತಳು. ಅವನು ತಂಬಾಕು ತಿಕ್ಕುತ್ತಿದ್ದ. ಆರಾಮ ಇದ್ದೀಯೇನವಾ, ಫ್ಯಾನಿನ ಕೆಳಗಿನ ನೌಕರಿ, ನಿಮ್ಮಪ್ಪನ ಪುಣ್ಯ ಎಂದ.

"ಕಾಕಾ, ಅವತ್ತು ನಮ್ಮ ಬಾಬಾ ಓ ಅಂದಿದ್ನೇನು?"

ಧರೆಪ್ಪ ತಂಬಾಕನ್ನು ಬಾಯಿಗೆ ಹಾಕಲಿಲ್ಲ, ಚೆಲ್ಲಲೂ ಇಲ್ಲ. ಅಂಗಡಿಯ ಕಡೆಗೊಮ್ಮೆ ನೋಡಿದ. ಅದನ್ನೆಲ್ಲ ಈಗ್ಯಾಕ ಕೆದರತೀ ಎಂದ. ಅವಳು ಮತ್ತೆ ಅದನ್ನೇ ಕೇಳಿದಳು.

"ಕೂಗಿದ್ರ ಅಲ್ಲನವಾ ಓ ಅನ್ನೂದು," ಎಂದ.

ಆಮೇಲೆ ಅವನಿಗೆ ಮಾತು ನಿಲ್ಲಿಸಲಾಗಲಿಲ್ಲ. ಕೂಗಲು ಬಾಯಿ ತೆರೆದಿದ್ದನಂತೆ, ಸಣ್ಣ ಮಾಲಕರು, ವಿಶಾಲ ಸಾಹೇಬರು, ಬಾಯಿಗೆ ಕೈ ಅಡ್ಡ ಇಟ್ಟರಂತೆ. ಹಂದಿ ಎಬ್ಬಿಸಲು ರಾಜಾರಾಮನನ್ನು ಒಳಗೆ ಕಳಿಸಿದವರೂ ಅವರೇ. ಇಷ್ಟು ಜನರಲ್ಲಿ ಕುಂಟನ್ಯಾಕೆ ಎಂದು ತಾನು ಕೇಳಿದ್ದೆ ಎಂದ, ಕೇಳಿದ್ದೇ ದೊಡ್ಡ ಉಪಕಾರ ಅನ್ನುವ ಹಾಗೆ. ಎಲ್ಲರೂ ನಕ್ಕರಂತೆ. ಒಳಗಿನಿಂದ ಅವನು ಒದರುವುದು ಕೇಳಿಸುತ್ತಿತ್ತು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಆ ದನಿಗೆ ಹಂದಿಗಳು ಬಲೆಗೆ ಬಂದವು.

"ಮೊದಲ ಹಂದಿ ಹೊತ್ತು ಜೀಪಿಗೆ ಹಾಕಿದ್ವಿ," ಎಂದ ಧರೆಪ್ಪ. "ನಿಮ್ಮಪ್ಪನ್ನ ಆಮೇಲೆ ಹುಡುಕಿದ್ವಿ."

ನನ್ನ ಹೆಸರು ಎಲ್ಲೂ ಹೇಳಬೇಡ, ನನಗೂ ಮಕ್ಕಳಿದ್ದಾರೆ ಎಂದು ಕೈ ಮುಗಿದ. ಚೀಲಗಳು ಏರಿದ್ದವು. ಟ್ರ್ಯಾಕ್ಟರ್ ಹೊರಟಿತು.

ಭಾನುವಾರ ಅವಳು ಊರಿನಲ್ಲಿದ್ದಳು. ಜನಾಬಾಯಿ ಅಂಗಳದಲ್ಲಿ ಕೂತು ಕೊಯ್ತಾ ಮಸೆಯುತ್ತಿದ್ದಳು. ಅದು ರಾಜಾರಾಮನದು. ಅವನು ತರಲು ಹೋದ ಎಂದು ಪೊಲೀಸರಿಗೆ ಹೇಳಿದ್ದ ಕೊಯ್ತಾ ಆ ಹೊತ್ತಿಗೆ ಟ್ರೇಲರಿನಲ್ಲಿ ಹೆಂಡತಿಯ ಕಾಲ ಕೆಳಗೇ ಇತ್ತು. ಅದನ್ನೂ ಅವಳು ಹೇಳಿದ್ದಳು. ಅದಕ್ಕೂ ಹವಾಲ್ದಾರನಲ್ಲಿ ಉತ್ತರವಿತ್ತು: ಕುಡಿದವನಿಗೆ ತನ್ನ ಕೊಯ್ತಾ ಎಲ್ಲಿದೆ ಅನ್ನುವುದು ಹೇಗೆ ನೆನಪಿರುತ್ತದೆ.

ಧರೆಪ್ಪ ಹೇಳಿದ್ದನ್ನು ಸಾರಿಕಾ ತಾಯಿಗೆ ಹೇಳಲಿಲ್ಲ. ನೌಕರಿ ಬಿಟ್ಟರೆ ಹೇಗೆ ಎಂದಷ್ಟೇ ಕೇಳಿದಳು. ಜನಾಬಾಯಿ ಮಸೆಯುವುದನ್ನು ನಿಲ್ಲಿಸಲಿಲ್ಲ. ಬಿಟ್ಟು ಏನು ಮಾಡುತ್ತಿ, ನನ್ನ ಹಿಂದೆ ಕಬ್ಬು ಕಡಿಯಲು ಬರುತ್ತೀಯಾ ಎಂದಳು. ಕೊಯ್ತಾದ ಅಂಚನ್ನು ಹೆಬ್ಬೆರಳಿಗೆ ತಾಗಿಸಿ ನೋಡಿ ತಾನಾಗಿಯೇ ಹೇಳಿದಳು:

"ಸತ್ತದ್ದಕ್ಕಲ್ಲ ಬಾಳಾ ನನಗ ಉರಿಯೂದು. ಯಾರರ ಒಮ್ಮಿ ಅವನ ಹೆಸರ ಹಿಡದ ಕೂಗಬೇಕಿತ್ತು. ಕೂಗಲಾರದ ಸುಡೂದು ಕಬ್ಬಿನ ಒಣ ರವದಿ ಒಂದ."

ಬಡವರ ಸಿಟ್ಟಿಗೆ ಭಾನುವಾರ ಒಂದೇ ರಜೆ. ಸೋಮವಾರ ಮುಂಜಾನೆ ಬಸ್ಸು ಬರುತ್ತದೆ, ಹತ್ತಬೇಕಾಗುತ್ತದೆ. ಸಾರಿಕಾ ಹತ್ತಿದಳು. ತನ್ನ ಕುರ್ಚಿಯಲ್ಲಿ ಕೂತು ಕೂಗನ್ನು ತೆಗೆದುಹಾಕಿದಳು. ಕಟ್ಟಲು ವಾರ ಹಿಡಿದದ್ದನ್ನು ಅಳಿಸಲು ಚಹಾ ತಣ್ಣಗಾಗುವಷ್ಟೂ ಹೊತ್ತು ಬೇಕಾಗಲಿಲ್ಲ. ಆಡಿಸಿ ನೋಡಿದಳು. ಪಂಜು ಇಳಿಯಿತು, ಜೊಂಡು ಹತ್ತಿತು, ಕುಂಟ ಓಡಿದ, ಹಂದಿಗಳು ಬಲೆಗೆ ಬಂದವು. ಯುದ್ಧ ಗೆದ್ದಾಗಿತ್ತು. ಪರದೆಯ ಮೇಲೆ ಬಂಗಾರದ ಅಕ್ಷರಗಳು ಬಿದ್ದವು. ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತಳು.

*

ಪುಣೆಯಿಂದ ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ದೊಡ್ಡ ಕಂಪನಿಯವರು, ಮೆಚ್ಚಿದರೆ ಗೇಮನ್ನು ತಾವೇ ಜಗತ್ತಿಗೆಲ್ಲ ಮುಟ್ಟಿಸುವವರು. ಬಾಪುಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಡುವಿನ ಕುರ್ಚಿಯಲ್ಲಿ ಕೂತರು. ಅಥಣಿಯ ದ್ರಾಕ್ಷಿ, ಸದಲಗಾದಿಂದ ತರಿಸಿದ ಪೇಡೆ. ಮಾತು ಅರ್ಧ ಮರಾಠಿ, ಅರ್ಧ ಕನ್ನಡ, ನಡುನಡುವೆ ಇಂಗ್ಲಿಷು.

ಮೊದಲ ಮೂರು ಯುದ್ಧಗಳನ್ನು ಅವರು ಸೌಜನ್ಯದಿಂದ ನೋಡಿದರು. ಇಂಥವು ನಮ್ಮಲ್ಲಿಗೆ ಬಹಳ ಬರುತ್ತವೆ ಎಂದರು. ವಿಶಾಲ ಜೊಂಡಿನ ಕಾಡನ್ನು ತೆರೆದ. ಹೊತ್ತನ್ನು ನಿಲ್ಲಿಸಿ, ಮೇಲಿನಿಂದ ತೋರಿಸಿ, ಬಲೆ, ಪಂಜಿನವರು, ಕಾಲಾಳು ಎಂದು ಜಾಗ ಇಟ್ಟ. ಕುಂಟನನ್ನು ನಡುವೆ ಇಟ್ಟ. ಹೊತ್ತನ್ನು ಬಿಟ್ಟ.

ಜೊಂಡು ಹತ್ತಿಕೊಂಡಿತು. ಸಣ್ಣ ಸೈನಿಕ ಸೊಂಟ ಎತ್ತಿ ಪಾದ ಸುತ್ತಿಸಿ ಓಡತೊಡಗಿದ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಪುಣೆಯ ಗಂಡಸು ಮುಂದಕ್ಕೆ ಬಾಗಿದ.

"ಬಘಾ, ಕಸಾ ಪಳತೋಯ," ಎಂದ. ನೋಡಿ, ಹೆಂಗ ಓಡತಾನ. ನಕ್ಕ. ಅವನು ನಕ್ಕದ್ದಕ್ಕೆ ವಿಶಾಲ ನಕ್ಕ, ವಿಶಾಲ ನಕ್ಕದ್ದಕ್ಕೆ ಅಮಿತ ನಕ್ಕ. ಕುಂಟ ಬಿದ್ದ. ಹಂದಿಗಳು ಬಲೆಯಲ್ಲಿದ್ದವು. ಬಂಗಾರದ ಅಕ್ಷರ.

ಇದು ಬೇರೆಯೇ ಇದೆ ಎಂದರು ಬಂದವರು. ಹೆಂಗಸು ಒಂದು ಸಂಶಯ ತೆಗೆದಳು: ಆಟಗಾರರಿಗೆ ಆ ಕುಂಟನನ್ನು ಕಂಡು ಪಾಪ ಅನಿಸುವುದಿಲ್ಲವೇ? ಪಾಪ ಅನಿಸಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಸೋಲುತ್ತಾರೆ, ಒಂದೆರಡು ಸಲ ಸೋತ ಮೇಲೆ ಪಾಪ ಅನಿಸುವುದು ತಾನೇ ಬಿಟ್ಟುಹೋಗುತ್ತದೆ ಎಂದ ವಿಶಾಲ. ಉತ್ತರ ಅವಳಿಗೆ ಹಿಡಿಸಿತು. ಈ ಉಪಾಯ ಎಲ್ಲಿಂದ ಬಂತು ಎಂದು ಗಂಡಸು ಕೇಳಿದ. ಯಾವ ಗೇಮಿನಲ್ಲೂ ನೋಡಿಲ್ಲ ಎಂದ.

ವಿಶಾಲ ಬಾಯಿ ತೆರೆಯುವ ಮುಂಚೆ ಬಾಪುಸಾಹೇಬರೇ ಹೇಳಿದರು.

"ಇದು ಪುಸ್ತಕದಾಗಿಂದಲ್ರಿ. ನಮ್ಮ ಹೊಲದಾಗಿಂದು."

ಹೇಳುವಾಗ ಅವರ ಕಣ್ಣು ಸಾರಿಕಾಳ ಮೇಲೆ ಬಿತ್ತು. ತಡವರಿಸಲಿಲ್ಲ. ಪೇಡೆಯ ತಟ್ಟೆಯನ್ನು ಅವಳ ಕಡೆಗೆ ಸರಿಸಿ, ತಗೋ ಪೋರಿ, ನೀನೂ ದುಡದೀಯಲ್ಲ ಎಂದರು.

ಪುಣೆಯವರಿಗೆ ಮತ್ತೊಮ್ಮೆ ನೋಡಬೇಕಿತ್ತು, ಈ ಸಲ ಹತ್ತಿರದಿಂದ. ಕುಂಟನ ಮುಖ ಕಾಣಬೇಕು, ಒದರುವುದು ಇನ್ನೂ ಸ್ಪಷ್ಟವಾಗಿ ಕೇಳಬೇಕು. ಅಷ್ಟು ಹತ್ತಿರಕ್ಕೆ ನೋಟವನ್ನು ಇಳಿಸುವುದು ವಿಶಾಲನಿಗೆ ಬರುತ್ತಿರಲಿಲ್ಲ, ಕಟ್ಟಿದವಳಿಗೆ ಬರುತ್ತಿತ್ತು. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ.

ಸಾರಿಕಾ ಕೂತಳು. ಹೊತ್ತನ್ನು ನಿಲ್ಲಿಸಿದಳು. ಬಲೆ ಇಟ್ಟಳು, ಪಂಜಿನವರನ್ನು ಮೂರು ಕಡೆ ನಿಲ್ಲಿಸಿದಳು. ಕಾಲಾಳುಗಳನ್ನು ಜೊಂಡಿನೊಳಗೆ ಕಳಿಸಿದಳು. ನೋಟವನ್ನು ಇಳಿಸುತ್ತ, ಜೊಂಡಿನ ಗರಿಗಳನ್ನು ದಾಟಿ, ಕುಂಟ ನಿಂತಲ್ಲಿಗೆ ತಂದಳು. ಅಮಿತ ಅವನಿಗೆ ಒಂದು ಮಾಸಿದ ಕೆಂಪು ರುಮಾಲು ಕೊಟ್ಟಿದ್ದ. ಪಾದ ಹೊರಗೆ ತಿರುಗಿತ್ತು. ಅವನು ಭಾರವನ್ನು ಬಲಗಾಲಿಗೆ ಹಾಕಿ, ಯಾರೋ ಏನೋ ಹೇಳುತ್ತಾರೆ ಎಂದು ಕಾಯುವವನ ಹಾಗೆ ನಿಂತಿದ್ದ.

"ಹಾಂ, ಇಲ್ಲೇ ಇರಲಿ," ಎಂದ ವಿಶಾಲ. "ಹಚ್ಚು."

ಅವಳು ಮೌಸಿನಿಂದ ಕೈ ತೆಗೆದಳು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಬದುವಿನ ಮೇಲೆ ನಿಂತ ಮುಕಾದಮ ಕೂಗುವ ಹಾಗೆ, ಕಡೆಯ ಅಕ್ಷರವನ್ನು ಹೊಲದ ಆಚೆ ದಂಡೆಗೆ ಮುಟ್ಟುವಷ್ಟು ಎಳೆದು ಕೂಗಿದಳು.

"ರಾಜಾರಾಮಾ..."

ಪುಣೆಯ ಹೆಂಗಸು ಬೆಚ್ಚಿ ಹಿಂದೆ ಸರಿದಳು. ಕೆಳಗೆ ಅಂಗಡಿಯಲ್ಲಿ ಚೀಲ ಇಳಿಸುವ ಸಪ್ಪಳ ನಿಂತಿತು. ಹಮಾಲರು ಕಟಾವಿನ ಓಣಿಗಳವರೇ. ಆ ಕೂಗು ಏನೆಂದು ಅವರಿಗೆ ಗೊತ್ತು.

ಇದೂ ಗೇಮಿನದೇ ಭಾಗವೇ ಎಂದು ಗಂಡಸು ವಿಶಾಲನನ್ನು ಕೇಳಿದ. ವಿಶಾಲನ ಮುಖ ಕಪ್ಪಿಟ್ಟಿತ್ತು. ಅಲ್ಲ, ಹುಡುಗಿಗೆ ಮೈಯಲ್ಲಿ ಆರಾಮವಿಲ್ಲ ಎಂದ. ಬಗ್ಗಿ ಅವಳ ಕಿವಿಯ ಹತ್ತಿರ, ಹಲ್ಲು ಕಚ್ಚಿ, ನಿಮ್ಮವ್ವ ನಾಳೆಯಿಂದ ಯಾರ ಹೊಲಕ್ಕೂ ಕಾಲಿಡುವುದಿಲ್ಲ, ನೆನಪಿಟ್ಟುಕೋ ಎಂದ. ತಾನೇ ಮೌಸಿಗೆ ಕೈ ಹಾಕಿದ. ಅವಳು ಅದನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಳು. ತಂತಿ ಎಳೆದಂತಾಗಿ ಪೇಡೆಯ ತಟ್ಟೆ ಕೆಳಗೆ ಬಿತ್ತು.

ಬಾಪುಸಾಹೇಬರು ಎದ್ದು ನಿಂತರು. ಅವರು ದನಿ ಏರಿಸಲಿಲ್ಲ. ಏರಿಸುವ ಅಭ್ಯಾಸ ಅವರಿಗೆ ಇರಲಿಲ್ಲ, ಅಗತ್ಯ ಬಿದ್ದಿರಲಿಲ್ಲ.

"ಏ ಪೋರಿ. ಹಚ್ಚು ಅಂದ್ರ ಹಚ್ಚಬೇಕು."

"ಹೆಸರ ಕೂಗೀನ್ರಿ ಮಾಲಕ್ರ," ಎಂದಳು ಸಾರಿಕಾ. ಪರದೆಯ ಮೇಲೆ ಕುಂಟ ನಿಂತೇ ಇದ್ದ, ಪಂಜುಗಳು ಎತ್ತಿದಲ್ಲೇ ಇದ್ದವು. "ಹೊರಗ ಬರಲಿ. ಬದುವಿನ ಮ್ಯಾಲ ನಿಂತು ಓ ಅನ್ನಲಿ. ಅಲ್ಲೀಮಟಾ ನಾ ಹಚ್ಚೂದಿಲ್ಲ."